ದುಧನಿ–ಅಕ್ಕಲಕೋಟ ಭಾಗದ ಪ್ರಯಾಣಿಕ ಸಾರಿಗೆ ಮತ್ತು ಸೇವೆಯ ಆಯ್ಕೆ

ಸಾರಿಗೆ ಸೇವೆಯ ಆಯ್ಕೆ ಎಂದರೆ, ಒಂದೇ ದಾರಿಯಲ್ಲಿ ಹಲವು ಸೇವೆಗಳು ಓಡುವಾಗ ಪ್ರಯಾಣಿಕರು ಅವುಗಳಲ್ಲಿ ಒಂದನ್ನು ಹಿಡಿದು ಉಳಿದವನ್ನು ಬಿಡುವ ರೂಢಿ ಮತ್ತು ಆ ರೂಢಿಯ ಹಿಂದಿನ ಕಾರಣಗಳು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಕನ್ನಡ ಮಾತಿನ ಪೇಟೆಯೂರು ದುಧನಿಯ ಸುತ್ತ ಇಂಥ ನಾಲ್ಕು ಸೇವೆಗಳಿವೆ: ಮಧ್ಯ ರೈಲ್ವೆ, ಜನ ಎಸ್‌ಟಿ ಎನ್ನುವ ಮಹಾರಾಷ್ಟ್ರ ರಾಜ್ಯ ರಸ್ತೆ ಸಾರಿಗೆ ನಿಗಮ, ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ (ಕೆಕೆಆರ್‌ಟಿಸಿ), ಮತ್ತು ವಡಾಪ್, ಟಂಟಂ, ಕ್ರೂಜರ್ ಎಂಬ ಹೆಸರುಗಳಲ್ಲಿ ಓಡುವ ಖಾಸಗಿ ಗಾಡಿಗಳು. ಈ ಲೇಖನದಲ್ಲಿ ‘ಸೇವೆ’ ಎಂದರೆ ಒಂದು ಸಂಸ್ಥೆ ಒಂದು ದಾರಿಯಲ್ಲಿ ಓಡಿಸುವ ಗಾಡಿಗಳ ಒಟ್ಟು ವ್ಯವಸ್ಥೆ. ‘ರಿಯಾಯಿತಿ’ ಎಂದರೆ ಸರ್ಕಾರದ ಆದೇಶದಿಂದ ಟಿಕೆಟ್ ದರದಲ್ಲಿ ಸಿಗುವ ಕಡಿತ. ‘ಖಾತ್ರಿ’ ಎಂದರೆ ಹೊರಟ ಜಾಗದಿಂದ ತಲುಪಬೇಕಾದ ಜಾಗಕ್ಕೆ ಹೋಗಿ, ಅಗತ್ಯವಿದ್ದರೆ ಅದೇ ದಿನ ಮರಳಬಹುದೆಂಬ ಭರವಸೆ. ಈ ಭಾಗದ ಆಯ್ಕೆಯಲ್ಲಿ ದರಕ್ಕಿಂತ, ಆರಾಮಕ್ಕಿಂತ ಖಾತ್ರಿಯೇ ಮೊದಲು ಬರುತ್ತದೆ ಎಂಬುದನ್ನು ಇಲ್ಲಿನ ಸಾರಿಗೆಯ ಚರಿತ್ರೆಯೂ ಭೂಗೋಳವೂ ಸೇರಿ ತೋರಿಸುತ್ತವೆ.

ಆರಾಮವನ್ನೇ ನೋಡಿ ಆರಿಸುವ ವಿಹಾರದ ಹಡಗುಗಳ ವಿಷಯ ಬೇರೆ. 2018ರಲ್ಲಿ ಮುಂಬೈ–ಗೋವಾ ನಡುವೆ ಹೊರಟ ಅಂಗ್ರಿಯಾ, 2021ರಲ್ಲಿ ಮುಂಬೈಯಿಂದ ಆರಂಭವಾದ ಕಾರ್ಡೇಲಿಯಾದಂಥ ಹಡಗುಗಳಲ್ಲಿ ಪ್ರಯಾಣವೇ ಸುಖ. ಕೋಣೆ, ಊಟ, ಮನರಂಜನೆ ನೋಡಿ ಜನ ಕಂಪನಿಯನ್ನು ಆರಿಸುತ್ತಾರೆ. ಅಕ್ಕಲಕೋಟ ಸೀಮೆಯಲ್ಲಿ ಗಾಡಿ ಹತ್ತುವವರು ದೇವರಿಗೆ, ದವಾಖಾನೆಗೆ, ಶಾಲೆಗೆ, ಅಡತಿಗೆ ಹೋಗುವವರು. ಪ್ರಯಾಣ ಇವರಿಗೆ ಕೆಲಸದ ಒಂದು ಭಾಗವಾದ್ದರಿಂದ ಅಳತೆಗೋಲೂ ಬೇರೆಯಾಗುತ್ತದೆ.

ಹಿನ್ನೆಲೆ

ಇಲ್ಲಿನ ಆಧುನಿಕ ಸಾರಿಗೆಯ ಬೆನ್ನೆಲುಬು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಆಗ್ನೇಯ ಮಾರ್ಗ 1860ರಲ್ಲಿ ಸೊಲ್ಲಾಪುರ ಮುಟ್ಟಿತು. ಅಲ್ಲಿಂದ ಮುಂದುವರಿದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಸೊಲ್ಲಾಪುರದಿಂದ ಕಲಬುರಗಿಯವರೆಗಿನ ಸುಮಾರು 110 ಕಿ.ಮೀ. ಹಾದಿಯಲ್ಲಿ ಹೋಟಗಿ, ತಿಲಾಟಿ, ಅಕ್ಕಲಕೋಟ ರೋಡ್, ನಾಗಣಸೂರ, ಬೋರೋಟಿ, ದುಧನಿ, ಕುಲಾಲಿ, ಗಾಣಗಾಪುರ ರೋಡ್ ನಿಲ್ದಾಣಗಳು ಸಾಲಾಗಿ ಬರುತ್ತವೆ. ಆ ಕಾಲಕ್ಕೆ ಸೊಲ್ಲಾಪುರ ಬ್ರಿಟಿಷರ ಕೈಯಲ್ಲಿತ್ತು, ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನ, ಕಲಬುರಗಿ ಹೈದರಾಬಾದ್ ನಿಜಾಮರ ನಾಡು. ಮೂರು ಆಡಳಿತಗಳ ನೆಲವನ್ನು ಒಂದೇ ಹಳಿ ದಾಟುತ್ತಿತ್ತು. ಗಡಿ ಯಾವುದಿದ್ದರೂ ಗಾಡಿ ಓಡುತ್ತದೆಂಬ ಅನುಭವ ಈ ಸೀಮೆಗೆ ರಾಜ್ಯ ಪುನರ್ವಿಂಗಡಣೆಗಿಂತ ಎಷ್ಟೋ ಹಿಂದಿನದು.

ರೈಲಿನ ಜೊತೆಯಲ್ಲೇ ಯಾತ್ರೆಯೂ ಬೆಳೆಯಿತು. ಅಕ್ಕಲಕೋಟದಲ್ಲಿ ನೆಲೆಸಿದ ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಯಾದರು. ಅಲ್ಲಿನ ವಟವೃಕ್ಷ ಮಂದಿರಕ್ಕೆ ಮುಂಬೈ–ಪುಣೆಯ ಭಕ್ತರೂ, ಭೀಮಾ–ಅಮರ್ಜಾ ಸಂಗಮದ ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಅದೇ ಭಕ್ತರೂ ಬರುವುದರಿಂದ ಎರಡು ಕ್ಷೇತ್ರಗಳನ್ನು ಜೋಡಿಸುವ ದಾರಿ ತಾನಾಗಿ ಗಟ್ಟಿಯಾಯಿತು. ಮೊದಲ ಕ್ಷೇತ್ರ ಇಂದು ಮಹಾರಾಷ್ಟ್ರದಲ್ಲಿದೆ, ಎರಡನೆಯದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿದೆ.

ರಸ್ತೆ ಸಾರಿಗೆ ತಡವಾಗಿ ಬಂದರೂ ವೇಗವಾಗಿ ಹರಡಿತು. ನಿಜಾಮರ ಸರ್ಕಾರ 1932ರಲ್ಲೇ ತನ್ನ ರೈಲ್ವೆ ಇಲಾಖೆಯ ಕೈಕೆಳಗೆ ಸರ್ಕಾರಿ ಬಸ್ಸು ಓಡಿಸತೊಡಗಿತ್ತು. ಮುಂಬೈ ಪ್ರಾಂತ್ಯದ ಮೊದಲ ಎಸ್‌ಟಿ ಬಸ್ಸು 1948ರ ಜೂನ್ 1ರಂದು ಪುಣೆ–ಅಹಮದನಗರ ನಡುವೆ ಓಡಿತು. ಅದೇ ವರ್ಷ ಅಕ್ಕಲಕೋಟ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದಾಗ ಅಕ್ಕಲಕೋಟ ಮುಂಬೈ ರಾಜ್ಯದಲ್ಲೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಗಡಿ ವಿವಾದ ಕುರಿತ ಮಹಾಜನ ಆಯೋಗದ 1967ರ ವರದಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳನ್ನು ಮೈಸೂರಿಗೆ ಸೇರಿಸಬೇಕೆಂದು ಹೇಳಿತ್ತು. ಆ ಶಿಫಾರಸು ಜಾರಿಯಾಗಲಿಲ್ಲ. ಕರ್ನಾಟಕದ ಕಡೆ ಕಲಬುರಗಿ ಕೇಂದ್ರದ ಸಾರಿಗೆ ನಿಗಮ 2000ದಲ್ಲಿ ಈಶಾನ್ಯ ಕರ್ನಾಟಕ ಎಂಬ ಹೆಸರಿನಲ್ಲಿ ಬೇರೆಯಾಯಿತು. 2021ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಪಡೆಯಿತು.

ರಚನೆ

ನಾಲ್ಕು ಸೇವೆಗಳ ಕಾನೂನು ನೆಲೆ ಒಂದೇ ತೆರನಲ್ಲ, ಆಯ್ಕೆಯ ಅರ್ಧ ಗುಟ್ಟು ಇರುವುದೇ ಅಲ್ಲಿ. ರೈಲ್ವೆ ಕೇಂದ್ರ ಸರ್ಕಾರದ್ದು. ಸೊಲ್ಲಾಪುರ ವಿಭಾಗದ ಗಾಡಿ ಗಡಿ ದಾಟಿದರೂ ದರದ ಪಟ್ಟಿ ಬದಲಾಗುವುದಿಲ್ಲ. ಎಸ್‌ಟಿ ಮತ್ತು ಕೆಕೆಆರ್‌ಟಿಸಿ ರಾಜ್ಯ ಸರ್ಕಾರಗಳ ನಿಗಮಗಳು. 1988ರ ಮೋಟಾರು ವಾಹನ ಕಾಯ್ದೆಯಂತೆ ಒಂದು ರಾಜ್ಯದ ಬಸ್ಸು ಇನ್ನೊಂದು ರಾಜ್ಯದಲ್ಲಿ ನಿಯತವಾಗಿ ಓಡಬೇಕಾದರೆ ಎರಡೂ ರಾಜ್ಯಗಳ ನಡುವೆ ಪರಸ್ಪರ ಒಪ್ಪಂದ ಬೇಕು. ಯಾವ ದಾರಿ, ಎಷ್ಟು ಸುತ್ತು ಎಂಬುದು ಅದರಲ್ಲಿ ನಿಗದಿಯಾಗುತ್ತದೆ. ಹೀಗಾಗಿ ಬೇಡಿಕೆ ಇದ್ದಮಾತ್ರಕ್ಕೆ ಗಡಿಯ ಆಚೆಗೆ ಗಾಡಿ ಹೆಚ್ಚುವುದಿಲ್ಲ. ಖಾಸಗಿ ಜೀಪು, ಟಂಟಂಗಳಿಗೆ ಸಾಮಾನ್ಯವಾಗಿ ಇರುವುದು ಒಟ್ಟು ಬಾಡಿಗೆಯ ಪರವಾನಗಿ. ತಲೆಗೆ ಇಷ್ಟೆಂದು ಹಣ ತೆಗೆದುಕೊಂಡು ಅಲ್ಲಲ್ಲಿ ಹತ್ತಿಸಿ ಇಳಿಸುವುದಕ್ಕೆ ಆ ಪರವಾನಗಿಯಲ್ಲಿ ಅವಕಾಶವಿಲ್ಲದಿದ್ದರೂ ಬಸ್ಸಿಲ್ಲದ ಹೊತ್ತಿನಲ್ಲಿ ಹಳ್ಳಿಗಳ ಆಸರೆ ಅವೇ.

ಪ್ರಕಾರಗಳು

ರೈಲಿನಲ್ಲಿ ಪ್ರತಿ ಸಣ್ಣ ನಿಲ್ದಾಣದಲ್ಲೂ ನಿಲ್ಲುವ ಪ್ಯಾಸೆಂಜರ್ ಗಾಡಿ ಒಂದು ಬಗೆ. ಮುಂಬೈ–ಬೆಂಗಳೂರು ನಡುವಿನ ಉದ್ಯಾನ್, ಸೊಲ್ಲಾಪುರ–ಹಾಸನ, ಮೈಸೂರಿನಿಂದ ಕಲಬುರಗಿ, ಸೊಲ್ಲಾಪುರ, ವಿಜಯಪುರದ ಮೇಲೆ ಬಾಗಲಕೋಟೆಗೆ ಹೋಗುವ ಬಸವ ಮುಂತಾದ ಎಕ್ಸ್‌ಪ್ರೆಸ್‌ಗಳು ಇನ್ನೊಂದು ಬಗೆ. ಎಲ್ಲ ಎಕ್ಸ್‌ಪ್ರೆಸ್‌ಗಳೂ ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲವಾದ್ದರಿಂದ ದೂರ ಹೋಗುವವರು ಮೊದಲು ಸೊಲ್ಲಾಪುರ ಇಲ್ಲವೇ ಕಲಬುರಗಿ ಸೇರಿಕೊಳ್ಳುತ್ತಾರೆ. ಎಸ್‌ಟಿಯಲ್ಲಿ ಲಾಲ್ ಪರಿ ಎಂದು ಹೆಸರಾದ ಕೆಂಪು ಸಾಮಾನ್ಯ ಬಸ್ಸೇ ಈ ತಾಲೂಕಿನ ಮುಖ್ಯ ಗಾಡಿ. ಹವಾನಿಯಂತ್ರಿತ ಶಿವಶಾಹಿ, ಶಿವನೇರಿಗಳು ದೊಡ್ಡ ಊರುಗಳ ನಡುವಿನವು.

ಎರಡೂ ನಿಗಮಗಳಲ್ಲಿ ಬೇರೆಯಾಗಿ ಗಮನಿಸಬೇಕಾದ ಬಗೆಯೆಂದರೆ ವಸ್ತಿ ಬಸ್ಸು. ಮರಾಠಿಯಲ್ಲಿ ಇದಕ್ಕೆ ಮುಕ್ಕಾಮಿ ಗಾಡಿ ಎನ್ನುತ್ತಾರೆ. ಸಂಜೆ ಪೇಟೆಯಿಂದ ಹೊರಟು ಕೊನೆಯ ಹಳ್ಳಿಯಲ್ಲಿ ರಾತ್ರಿ ತಂಗಿ, ಬೆಳಗಿನ ಜಾವ ಅಲ್ಲಿಂದಲೇ ಮರಳುವ ಈ ಬಸ್ಸಿನ ಚಾಲಕ, ನಿರ್ವಾಹಕರು ಊರಿನಲ್ಲೇ ಮಲಗುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಇದು ಲಾಭದ ಸುತ್ತಲ್ಲದಿರಬಹುದು. ಆದರೆ ಬೆಳಗಿನ ಕಾಲೇಜು, ಕೋರ್ಟಿನ ತಾರೀಖು, ದವಾಖಾನೆಯ ಚೀಟಿ ಇವೆಲ್ಲ ಆ ಒಂದು ಗಾಡಿಯ ಮೇಲೆ ನಿಂತಿರುತ್ತವೆ. ಯಾವ ನಿಗಮದ ವಸ್ತಿ ಬಸ್ಸು ಒಂದು ಹಳ್ಳಿಗೆ ಬರುತ್ತದೋ ಹಗಲಿನ ಉಳಿದ ಪ್ರಯಾಣದಲ್ಲೂ ಆ ಹಳ್ಳಿ ಆ ನಿಗಮದ ಕಡೆ ವಾಲುವುದು ಸಹಜ. ರಾತ್ರಿ ಮನೆ ಮುಟ್ಟುವ ಭರವಸೆ ಇದ್ದಾಗ ಮಾತ್ರ ಜನ ಬೆಳಿಗ್ಗೆ ಮನೆ ಬಿಡುತ್ತಾರೆ. ಈ ಸೀಮೆಯ ಸಾರಿಗೆಯಲ್ಲಿ ಅತ್ಯಂತ ಬೆಲೆಯುಳ್ಳ ಸೇವೆ ಇದೇ ಎನ್ನಬೇಕು.

ಆಯ್ಕೆಯ ಆಧಾರಗಳು

ಖಾತ್ರಿಯ ತೂಕವನ್ನು ಅಳೆಯಲು ಅಕ್ಕಲಕೋಟ ಮತ್ತು ದುಧನಿಯನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡಕ್ಕೂ ಒಂದೇ ರೈಲು ಮಾರ್ಗ, ಒಂದೇ ವಿಭಾಗ, ಒಂದೇ ದರದ ಪಟ್ಟಿ. ಆದರೆ ಅಕ್ಕಲಕೋಟ ರೋಡ್ ನಿಲ್ದಾಣ ಪಟ್ಟಣದಿಂದ ಸುಮಾರು 11 ಕಿ.ಮೀ. ದೂರದಲ್ಲಿದೆ, ದುಧನಿಯ ನಿಲ್ದಾಣ ಊರಿಗೆ ಹತ್ತಿಕೊಂಡೇ ಇದೆ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಅಲ್ಲಿಗೆ ರೈಲಿನಲ್ಲಿ ಹೋದವರು ನಿಲ್ದಾಣದಿಂದ ಮತ್ತೊಂದು ಗಾಡಿ ಹುಡುಕಬೇಕು. ಆ ಗಾಡಿ ಸಿಗುವ ಹೊತ್ತೂ ಅದರ ದರವೂ ಅವರ ಕೈಯಲ್ಲಿಲ್ಲ. ಎಸ್‌ಟಿ ಬಸ್ಸು ಊರೊಳಗಿನ ಸ್ಟ್ಯಾಂಡಿಗೇ ಒಯ್ಯುತ್ತದೆ. ಟಿಕೆಟ್ ದುಬಾರಿಯಾದರೂ ಅಕ್ಕಲಕೋಟದವರಿಗೆ ಬಸ್ಸೇ ಹತ್ತಿರ. ದುಧನಿಯಲ್ಲಿ ತಕ್ಕಡಿ ಮತ್ತೊಂದು ಕಡೆ ತೂಗುತ್ತದೆ: ಮನೆಯಿಂದ ನಡೆದು ನಿಲ್ದಾಣ, ಅಲ್ಲಿಂದ ನೇರ ಸೊಲ್ಲಾಪುರ ಅಥವಾ ಕಲಬುರಗಿ. ರೈಲಿನ ವೇಳೆ ಹೊಂದಿದರೆ ಬೇರೆ ಯೋಚನೆಯೇ ಬೇಕಿಲ್ಲ. ಹೊಂದದಿದ್ದಾಗ ಮಾತ್ರ ಬಸ್ಸು, ಅದೂ ತಪ್ಪಿದರೆ ವಡಾಪ್. ಒಂದೇ ಹಳಿಯ ಮೇಲಿನ ಎರಡು ಊರುಗಳ ಜನ ಎರಡು ಬೇರೆ ಸೇವೆಗಳ ಕಡೆ ಹೋಗಲು 11 ಕಿ.ಮೀ. ಸಾಕಾಗುತ್ತದೆ.

ಗಾಣಗಾಪುರದ ಯಾತ್ರಿಕರಲ್ಲೂ ಇದೇ ತರ್ಕ ಕಾಣುತ್ತದೆ. ಗಾಣಗಾಪುರ ರೋಡ್ ನಿಲ್ದಾಣದಿಂದ ದೇವಸ್ಥಾನಕ್ಕೆ ಸುಮಾರು 20 ಕಿ.ಮೀ. ದತ್ತ ಜಯಂತಿ, ಗುರುಪೂರ್ಣಿಮೆಯ ದಿನಗಳಲ್ಲಿ ನಿಲ್ದಾಣದ ಹೊರಗೆ ಗಾಡಿಗಳ ಸಾಲೇ ಇರುವುದರಿಂದ ರೈಲು ಹಿಡಿಯಲು ಅಂಜಿಕೆಯಿಲ್ಲ. ಉಳಿದ ದಿನಗಳಲ್ಲಿ, ಅದರಲ್ಲೂ ವಯಸ್ಸಾದವರೊಂದಿಗೆ ಬಂದ ಕುಟುಂಬಗಳು ಅಕ್ಕಲಕೋಟದಿಂದ ನೇರ ಬಸ್ಸು ಅಥವಾ ಬಾಡಿಗೆಯ ಕ್ರೂಜರ್ ಮಾಡಿಕೊಳ್ಳುತ್ತವೆ. ಆ ಬಾಡಿಗೆ ಬಸ್ಸು–ರೈಲು ಎರಡಕ್ಕಿಂತಲೂ ಹೆಚ್ಚು. ಆದರೂ ಜನ ಕೊಡುತ್ತಾರೆ, ಏಕೆಂದರೆ ದರ್ಶನ, ಸಂಗಮಸ್ನಾನ, ಪ್ರಸಾದ ಮುಗಿಯುವವರೆಗೆ ಗಾಡಿ ಕಾದಿರುತ್ತದೆ.

ವ್ಯಾಪಾರಿಗಳದ್ದು ಬೇರೆ ಅಗತ್ಯ. ತೊಗರಿಗೆ ಹೆಸರಾದ ದುಧನಿಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ಅಫಜಲಪುರ, ಆಳಂದ ತಾಲೂಕುಗಳ ರೈತರು ಮಾಲು ತರುತ್ತಾರೆ. ಮಾಲು ಟೆಂಪೋದಲ್ಲಿ ಬಂದರೆ ರೈತ ಅದರಲ್ಲೇ ಕೂತು ಬರುತ್ತಾನೆ. ಹಣ ಪಡೆದು ಮರಳುವಾಗ ಮಾತ್ರ ಅವನು ಸಾರ್ವಜನಿಕ ಸಾರಿಗೆಯ ಪ್ರಯಾಣಿಕ. ಹೀಗಾಗಿ ಅವನಿಗೆ ಬೇಕಾದದ್ದು ಇಳಿಹೊತ್ತಿನ ಒಂದು ಗಾಡಿ. ರೋಗಿಗಳ ಅಗತ್ಯ ಇದಕ್ಕೆ ತಿರುವುಮುರುವು: ಗಡಿಯ ಎರಡೂ ಕಡೆಯವರು ಸೊಲ್ಲಾಪುರದ ದವಾಖಾನೆಗಳಿಗೆ ಹೋಗುವುದರಿಂದ ಬೆಳಗಿನ ಗಾಡಿಯ ಮೇಲೆ ಒತ್ತಡ ಹೆಚ್ಚು, ಮರಳುವ ಹೊತ್ತು ವೈದ್ಯರ ಕೈಯಲ್ಲಿ. ವಿದ್ಯಾರ್ಥಿಗಳನ್ನು ಹಿಡಿದಿಡುವುದು ಪಾಸು. ಗ್ರಾಮೀಣ ಹೆಣ್ಣುಮಕ್ಕಳಿಗೆ ಹನ್ನೆರಡನೇ ತರಗತಿಯವರೆಗೆ ಶಾಲೆಗೆ ಹೋಗಲು ಉಚಿತ ಪ್ರಯಾಣ ಕೊಡುವ ಎಸ್‌ಟಿಯ ಅಹಿಲ್ಯಾಬಾಯಿ ಹೋಳ್ಕರ್ ಯೋಜನೆ ತಾಲೂಕಿನ ಕನ್ನಡ ಶಾಲೆಗಳ ಹುಡುಗಿಯರಿಗೂ ಅನ್ವಯಿಸುತ್ತದೆ. ಅವರಲ್ಲಿ ಮುಂದೆ ಓದಲು ಕಲಬುರಗಿಗೆ ಹೋಗುವವರಿಗೆ ಆ ಆಸರೆ ಗಡಿಯಲ್ಲೇ ನಿಂತುಬಿಡುತ್ತದೆ, ಇದು ಬೇಸರದ ಸಂಗತಿ.

ಆಕ್ಷೇಪಗಳು

ಮೊದಲ ಆಕ್ಷೇಪ ದರದ್ದು: ಅಗ್ಗವಿದ್ದ ಕಡೆ ಜನ ಹೋಗುತ್ತಾರೆ, ಉಳಿದದ್ದೆಲ್ಲ ನೆವ ಎಂದು ವಾದಿಸಬಹುದು. ಈ ವಾದಕ್ಕೆ ಬಲವಾದ ಸಾಕ್ಷ್ಯವಿದೆ. ಕರ್ನಾಟಕ 2023ರ ಜೂನ್ 11ರಂದು ಶಕ್ತಿ ಯೋಜನೆ ತಂದು ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಿತು. 2025ರ ಜುಲೈ ಹೊತ್ತಿಗೆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಮಹಾರಾಷ್ಟ್ರ 2022ರ ಆಗಸ್ಟ್‌ನಲ್ಲಿ 75 ವರ್ಷ ದಾಟಿದವರಿಗೆ ಎಸ್‌ಟಿಯಲ್ಲಿ ಉಚಿತ ಪ್ರಯಾಣವನ್ನೂ, 2023ರ ಮಾರ್ಚ್ 17ರಿಂದ ಎಲ್ಲ ಮಹಿಳೆಯರಿಗೆ ಅರ್ಧ ಟಿಕೆಟನ್ನೂ ಜಾರಿಗೆ ತಂದಿತು. ಇದೇ ಅವಧಿಯಲ್ಲಿ ರೈಲ್ವೆ ಎದುರು ದಿಕ್ಕಿಗೆ ನಡೆದಿತ್ತು: ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿತು, ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳನ್ನು ಎಕ್ಸ್‌ಪ್ರೆಸ್ ದರದಲ್ಲಿ ಓಡಿಸಿ ಕನಿಷ್ಠ ಟಿಕೆಟನ್ನು 10 ರೂಪಾಯಿಯಿಂದ 30ಕ್ಕೆ ಏರಿಸಿತು, 2024ರ ಫೆಬ್ರವರಿಯಲ್ಲಷ್ಟೇ ಮತ್ತೆ 10ಕ್ಕೆ ಇಳಿಸಿತು. ರಿಯಾಯಿತಿ ಪ್ರಯಾಣಿಕರನ್ನು ಸೆಳೆಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಸೆಳೆಯುವುದು ಗಾಡಿ ಇರುವ ದಾರಿಯಲ್ಲಿ. ದಿನಕ್ಕೆ ಒಂದೇ ಬಸ್ಸು ಬರುವ ಹಳ್ಳಿಗೆ ಉಚಿತ ಟಿಕೆಟಿನಿಂದ ಎರಡನೇ ಬಸ್ಸು ಬರುವುದಿಲ್ಲ. 10 ರೂಪಾಯಿಯ ರೈಲು ಅಕ್ಕಲಕೋಟದ ಪಟ್ಟಣಿಗರನ್ನು ಬಸ್ಸಿನಿಂದ ಬಿಡಿಸಿಕೊಳ್ಳಲು ಆಗದಿರುವುದಕ್ಕೂ ಕಾರಣ ಇದೇ.

ಗಡಿಯಲ್ಲಿ ದರದ ವಾದ ಇನ್ನೂ ಸೋಲುತ್ತದೆ. ಎಸ್‌ಟಿಯ ಅರ್ಧ ಟಿಕೆಟ್ ಮಹಾರಾಷ್ಟ್ರದ ಗಡಿಯವರೆಗೆ ಮಾತ್ರ. ಆಚೆಗೆ ಪೂರ್ತಿ ದರ. ಶಕ್ತಿ ಯೋಜನೆ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಮೀಸಲು, ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಬೇಕು. ಮನೆಯಲ್ಲೂ ಪೇಟೆಯಲ್ಲೂ ಕನ್ನಡವನ್ನೇ ಆಡುವ ದುಧನಿಯ ಹೆಣ್ಣುಮಗಳ ಆಧಾರ್ ಕಾರ್ಡಿನಲ್ಲಿ ಮಹಾರಾಷ್ಟ್ರದ ವಿಳಾಸ ಇರುವುದರಿಂದ ಆಳಂದದ ಬಸ್ಸಿನಲ್ಲಿ ಆಕೆ ಹಣ ಕೊಡಲೇಬೇಕು. ಆಕೆಯ ತವರು ಗಡಿಯ ಆಚೆ ಇದ್ದರೆ, ಒಂದೇ ದಿನದ ಪ್ರಯಾಣದಲ್ಲಿ ಅರ್ಧ ದರ ಮತ್ತು ಪೂರ್ತಿ ದರ ಎರಡನ್ನೂ ಕೊಡಬೇಕಾಗುತ್ತದೆ. ಪಕ್ಕದ ಸೀಟಿನಲ್ಲಿ ಕೂತ, ಕರ್ನಾಟಕದ ವಿಳಾಸವಿರುವ ಅಕ್ಕ ಆ ರಾಜ್ಯದೊಳಗೆ ಉಚಿತವಾಗಿ ಹೋಗುತ್ತಾಳೆ. ರಿಯಾಯಿತಿಗಳು ರಾಜ್ಯದ ನಡುಭಾಗದವರನ್ನು ನೋಡಿ ಬರೆದವು. ಗಡಿಯ ಸಂಸಾರ ಅವುಗಳ ಲೆಕ್ಕಕ್ಕೆ ಬಂದಿಲ್ಲ.

ಅಗ್ಗದ ದರ ಒಂದೇ ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ಭಾರತದ ಹಡಗು ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. ವಿ. ಓ. ಚಿದಂಬರಂ ಪಿಳ್ಳೈ ಅವರು 1906ರಲ್ಲಿ ಕಟ್ಟಿದ ಸ್ವದೇಶಿ ಸ್ಟೀಮ್ ನ್ಯಾವಿಗೇಶನ್ ಕಂಪನಿ ತೂತ್ತುಕುಡಿ–ಕೊಲಂಬೊ ನಡುವೆ ಓಡಿದಾಗ ಎದುರಾಳಿ ಬ್ರಿಟಿಷ್ ಇಂಡಿಯಾ ಹಡಗು ಕಂಪನಿ ದರ ಇಳಿಸುತ್ತಾ ಇಳಿಸುತ್ತಾ ಕೊನೆಗೆ ಉಚಿತ ಪ್ರಯಾಣಕ್ಕೆ ಬಂತು. ಆದರೂ ಪ್ರಯಾಣಿಕರು ಸ್ವದೇಶಿ ಹಡಗನ್ನು ಬಿಡಲಿಲ್ಲ. ಆ ಕಂಪನಿ ಮುಳುಗಿದ್ದು 1908ರಲ್ಲಿ ಅದರ ನಾಯಕ ಜೈಲು ಸೇರಿದ ಮೇಲೆ. 1911ರ ಹೊತ್ತಿಗೆ ಅದು ಮುಚ್ಚಿತು. ಅಲ್ಲಿ ಉಚಿತ ಟಿಕೆಟನ್ನು ಮೀರಿ ಜನರನ್ನು ಹಿಡಿದದ್ದು ದೇಶಾಭಿಮಾನ, ಆ ಅಭಿಮಾನವೂ ಹಡಗು ಹೊರಡುತ್ತಿದ್ದಷ್ಟು ದಿನ ಮಾತ್ರ ಕಂಪನಿಯನ್ನು ಕಾಯಿತು.

ಇದರಿಂದಲೇ ಎರಡನೇ ಆಕ್ಷೇಪ ಹುಟ್ಟುತ್ತದೆ. ಗಡಿನಾಡ ಕನ್ನಡಿಗರು ಭಾಷಾಭಿಮಾನದಿಂದ ಕರ್ನಾಟಕದ ಬಸ್ಸು ಹತ್ತುತ್ತಾರೆ, ಮರಾಠಿಗರು ಎಸ್‌ಟಿ ಹತ್ತುತ್ತಾರೆ ಎಂಬ ಮಾತು ಹೊರಗಿನವರಲ್ಲಿ ಸಾಮಾನ್ಯ. ಅಕ್ಕಲಕೋಟ ತಾಲೂಕಿನ ದಿನಬಳಕೆ ಇದಕ್ಕೆ ಒಪ್ಪುವುದಿಲ್ಲ. ಇಲ್ಲಿನ ಹಳ್ಳಿಗಳು ಎರಡೂ ಭಾಷೆ ಆಡುತ್ತವೆ, ಎಸ್‌ಟಿಯ ಸ್ಥಳೀಯ ಸಿಬ್ಬಂದಿಗೂ ಕನ್ನಡ ಹೊಸದಲ್ಲ. ಬೋರ್ಡು ಮರಾಠಿಯಲ್ಲಿದ್ದರೂ ಊರಿನ ಹೆಸರು ಎಲ್ಲರಿಗೂ ಗೊತ್ತು. ಭಾಷೆ ಆಯ್ಕೆಯಲ್ಲಿ ತಲೆ ಹಾಕುವುದು ಇನ್ನೊಂದು ಬಗೆಯಲ್ಲಿ, ಅಪಾಯವಾಗಿ. 2022ರ ಡಿಸೆಂಬರ್‌ನಲ್ಲಿ ಗಡಿ ವಿವಾದ ಬಿಸಿಯೇರಿದಾಗ, 2025ರ ಫೆಬ್ರವರಿಯಲ್ಲಿ ಬಸ್ ಸಿಬ್ಬಂದಿಯ ಮೇಲೆ ಹಲ್ಲೆಗಳಾದಾಗ ಎರಡು ರಾಜ್ಯಗಳ ನಡುವಿನ ಬಸ್ ಸಂಚಾರ ನಿಂತಿತು. ಬೆಳಗಾವಿ, ಚಿತ್ರದುರ್ಗದಲ್ಲಿ ನಡೆದ ಘಟನೆಗೆ ನೂರಾರು ಕಿಲೋಮೀಟರ್ ದೂರದ ಜನ ಸ್ಟ್ಯಾಂಡಿನಲ್ಲಿ ಕಾದು ಕೂರಬೇಕಾಯಿತು. ಅಂಥ ದಿನಗಳಲ್ಲೂ ರೈಲು ಓಡಿತು. ಗಡಿ ದಾಟುವವರ ಮನಸ್ಸಿನಲ್ಲಿ ರೈಲಿಗಿರುವ ಗಟ್ಟಿ ಸ್ಥಾನಕ್ಕೆ ವೇಗ, ದರ ಎರಡಕ್ಕಿಂತಲೂ ಮುಖ್ಯ ಕಾರಣ, ಅದರ ಮೇಲೆ ಯಾವ ರಾಜ್ಯದ ಹೆಸರೂ ಇಲ್ಲದಿರುವುದು.

ಮೂರನೆಯದು ಆರಾಮದ ಆಕ್ಷೇಪ, ಇದನ್ನು ಒಂದು ಮಿತಿಯಲ್ಲಿ ಒಪ್ಪಬೇಕು. ಸೊಲ್ಲಾಪುರದಿಂದ ಪುಣೆ, ಮುಂಬೈ, ಬೆಂಗಳೂರಿಗೆ ಹೋಗುವ ದೂರದ ಪ್ರಯಾಣದಲ್ಲಿ ಖಾಸಗಿ ಸ್ಲೀಪರ್ ಬಸ್ಸು, ಸಿದ್ಧೇಶ್ವರ ಎಕ್ಸ್‌ಪ್ರೆಸ್, 2023ರ ಫೆಬ್ರವರಿಯಲ್ಲಿ ಆರಂಭವಾದ ಮುಂಬೈ–ಸೊಲ್ಲಾಪುರ ವಂದೇ ಭಾರತ್ ಇವುಗಳ ನಡುವೆ ಜನ ಮಲಗುವ ಜಾಗ, ಶೌಚಾಲಯ, ಹೊತ್ತು ನೋಡಿಯೇ ಆರಿಸುತ್ತಾರೆ. ಅಲ್ಲಿ ಎಲ್ಲ ಸೇವೆಗಳೂ ತಲುಪಿಸುವುದು ಖಚಿತವಾದ್ದರಿಂದ ಆಯ್ಕೆ ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ಐವತ್ತು ಅರವತ್ತು ಕಿಲೋಮೀಟರಿನ ಓಡಾಟದಲ್ಲಿ ಆ ಮೆಟ್ಟಿಲು ಬರುವುದೇ ಅಪರೂಪ. 2021ರ ಕೊನೆಯಿಂದ 2022ರ ಏಪ್ರಿಲ್‌ವರೆಗೆ ನಡೆದ ಎಸ್‌ಟಿ ನೌಕರರ ಮುಷ್ಕರದಲ್ಲಿ ಇದು ಎದ್ದು ಕಂಡಿತು. ಕೋವಿಡ್‌ಗೆ ಮುಂಚೆ ರಾಜ್ಯದಾದ್ಯಂತ ದಿನಕ್ಕೆ ಸುಮಾರು 65 ಲಕ್ಷ ಜನರನ್ನು ಒಯ್ಯುತ್ತಿದ್ದ ಸಂಸ್ಥೆ ನಿಂತಾಗ ಸರ್ಕಾರವೇ ಖಾಸಗಿ ಗಾಡಿಗಳಿಗೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಅನುಮತಿ ಕೊಟ್ಟಿತು. ಖಾಸಗಿ ಗಾಡಿಗಳು ತುಂಬಿದ ಪೇಟೆಗಳ ನಡುವೆ ಓಡಿದವು. ವಸ್ತಿ ಬಸ್ಸಿನ ಜಾಗವನ್ನು ತುಂಬುವ ಹೊಣೆ ಅವುಗಳ ಮೇಲೆ ಇರಲಿಲ್ಲ.

ಈಗಿನ ಸ್ಥಿತಿ

2025ರ ಜನವರಿಯಲ್ಲಿ ಕರ್ನಾಟಕ ಶೇ 15ರಷ್ಟು, ಮಹಾರಾಷ್ಟ್ರ ಶೇ 14.95ರಷ್ಟು ಬಸ್ ದರ ಏರಿಸಿದವು. ಹೆಣ್ಣುಮಕ್ಕಳಿಗೆ ರಿಯಾಯಿತಿ ಇರುವುದರಿಂದ ಏರಿಕೆಯ ಭಾರ ಹೆಚ್ಚಾಗಿ ಗಂಡಸರ ಟಿಕೆಟಿನ ಮೇಲೆ, ಗಡಿ ದಾಟುವವರಲ್ಲಿ ಎಲ್ಲರ ಮೇಲೆ ಬಿದ್ದಿದೆ. ದೂರದ ಯಾತ್ರಿಕರಿಗೆ ನಾಲ್ಕು ಅಥವಾ ಏಳು ದಿನ ಬೇಕಾದಲ್ಲಿಗೆ ಓಡಾಡುವ ಎಸ್‌ಟಿ ಪಾಸು ಈಗಲೂ ಚಾಲ್ತಿಯಲ್ಲಿದೆ. ಅಕ್ಕಲಕೋಟ, ತುಳಜಾಪುರ, ಪಂಢರಪುರ ಒಟ್ಟಿಗೆ ಮಾಡುವವರಿಗೆ ಅದು ಒದಗುತ್ತದೆ. ಮೈಸೂರು–ಸೊಲ್ಲಾಪುರ ಗೋಲಗುಂಬಜ್ ಎಕ್ಸ್‌ಪ್ರೆಸ್ಸನ್ನು ಪಂಢರಪುರದವರೆಗೆ ವಿಸ್ತರಿಸಿದ ಮೇಲೆ ಕರ್ನಾಟಕದ ವಾರಕರಿಗಳು ಸೊಲ್ಲಾಪುರದಲ್ಲಿ ಇಳಿದು ಬಸ್ಸು ಹುಡುಕುವುದು ತಪ್ಪಿದೆ.

ಈ ಸೀಮೆಗೆ ದೊಡ್ಡ ಬದಲಾವಣೆ ಹಳಿಯಲ್ಲೇ ಆಗಿದೆ. ದೌಂಡ್–ಕಲಬುರಗಿ ಜೋಡಿ ಮಾರ್ಗ ಮತ್ತು ವಿದ್ಯುದೀಕರಣದಿಂದ, ಒಂಟಿ ಹಳಿಯ ಕಾಲದಲ್ಲಿ ಎದುರು ಗಾಡಿಗೆ ದಾರಿ ಬಿಡಲು ಸಣ್ಣ ನಿಲ್ದಾಣಗಳಲ್ಲಿ ಪ್ಯಾಸೆಂಜರನ್ನು ನಿಲ್ಲಿಸುತ್ತಿದ್ದ ಮುಖ್ಯ ಕಾರಣ ಇಲ್ಲವಾಗಿದೆ. ಹಳಿಯಲ್ಲಿ ಈಗ ಜಾಗವಿದೆ. ಬೆಳಿಗ್ಗೆ ಸೊಲ್ಲಾಪುರಕ್ಕೆ, ಸಂಜೆ ಕಲಬುರಗಿಯ ಕಡೆಗೆ ಹೊಂದುವ ಗಾಡಿಗಳನ್ನು ವೇಳಾಪಟ್ಟಿಯಲ್ಲಿ ಇಡುವುದು, ಅಕ್ಕಲಕೋಟ ರೋಡ್ ನಿಲ್ದಾಣಕ್ಕೆ ಪ್ರತಿ ಗಾಡಿಯ ಹೊತ್ತಿಗೆ ಎಸ್‌ಟಿ ಬಸ್ಸು ಬಂದು ನಿಲ್ಲುವಂತೆ ಮಾಡುವುದು, ಎರಡೂ ರಾಜ್ಯಗಳ ರಿಯಾಯಿತಿಯನ್ನು ಗಡಿ ತಾಲೂಕುಗಳ ನಿವಾಸಿಗಳಿಗೆ ಪರಸ್ಪರ ಅನ್ವಯಿಸುವುದು, ಈ ಮೂರಕ್ಕೂ ಹೊಸ ಹಳಿಯಾಗಲಿ ಹೊಸ ರಸ್ತೆಯಾಗಲಿ ಬೇಕಿಲ್ಲ. ಮೊದಲನೆಯದು ಸೊಲ್ಲಾಪುರ ವಿಭಾಗ ಮತ್ತು ಮಧ್ಯ ರೈಲ್ವೆಯ ಅಧಿಕಾರದಲ್ಲಿದೆ, ಎರಡನೆಯದು ಎಸ್‌ಟಿಯ ಅಕ್ಕಲಕೋಟ ಡಿಪೋದ ಕೈಯಲ್ಲಿದೆ. ಮೂರನೆಯದಕ್ಕೆ ಎರಡು ರಾಜ್ಯಗಳ ಸಾರಿಗೆ ಒಪ್ಪಂದ ತಿದ್ದುಪಡಿಯಾಗಬೇಕು.